ನಳಿಗೆಯ ಅಡಿಯಲ್ಲಿ ಅಡಗಿರುವ ಇಸವಿ

ಮನೆಯಲ್ಲಿ ಹಳೆಯ ಕೋವಿಯೊಂದಿದ್ದರೆ ಅದರ ಜೊತೆಗೆ ಒಂದು ಕತೆಯೂ ಇದ್ದೇ ಇರುತ್ತದೆ. ಮುತ್ತಜ್ಜನ ಗುರಿಗಾರಿಕೆ ಮೆಚ್ಚಿ ಬಿಳಿಯ ದೊರೆಯೊಬ್ಬ ಕೊಟ್ಟು ಹೋದದ್ದು, ಲಂಡನ್ನಿನಿಂದ ಹಡಗಿನಲ್ಲಿ ತರಿಸಿದ್ದು, ಸಿಪಾಯಿ ದಂಗೆಯ ಕಾಲದ್ದು, ಹೀಗೆ. ಕತೆ ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ. ಆದರೆ ನಾಲ್ಕು ತಲೆಮಾರು ಬಾಯಿಂದ ಬಾಯಿಗೆ ದಾಟಿದ ಕತೆಯಲ್ಲಿ ಇಸವಿ ಹಿಂದೆ ಹಿಂದೆ ಸರಿಯುತ್ತ ಹೋಗುವುದು ಸಹಜ. ಹಾಗಿದ್ದರೆ ಒಂದು ಹಳೆಯ ಬೇಟೆಕೋವಿಯ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆ?

ಕೋವಿಯ ಮೈಮೇಲೆ ಮೂರು ಬಗೆಯ ಬರಹಗಳಿರುತ್ತವೆ. ಮೊದಲನೆಯದು ಮೇಲ್ಭಾಗದಲ್ಲಿ ಎದ್ದು ಕಾಣುವ ಹೆಸರು. ಎರಡನೆಯದು ನಳಿಗೆಯ ಅಡಿಯಲ್ಲಿ, ಮರದ ಹಿಡಿಕೆ ಕಳಚಿದರೆ ಮಾತ್ರ ಕಾಣುವ ಪುಟ್ಟ ಪುಟ್ಟ ಮುದ್ರೆಗಳು. ಮೂರನೆಯದು ಕ್ರಮಸಂಖ್ಯೆ. ನೋಡುವವರ ಕಣ್ಣು ಮೊದಲು ಹೋಗುವುದು ಹೆಸರಿನ ಕಡೆಗೆ. ಕೆಲವರು ಕ್ರಮಸಂಖ್ಯೆಯಲ್ಲೇ ಇಸವಿ ಅಡಗಿದೆಯೆಂದು ಭಾವಿಸುತ್ತಾರೆ. ಆದರೆ ಇವುಗಳಲ್ಲಿ ಅತ್ಯಂತ ನಂಬಲರ್ಹವಾದದ್ದು ಯಾರೂ ನೋಡದ ಎರಡನೆಯ ಬರಹ. ವಿಚಿತ್ರವೆಂದರೆ, ಆ ಮುದ್ರೆಗಳನ್ನು ಒತ್ತಿದವರಿಗೆ ಇಸವಿ ದಾಖಲಿಸುವ ಉದ್ದೇಶವೇ ಇರಲಿಲ್ಲ. ಅವರಿಗಿದ್ದ ಚಿಂತೆ ಒಂದೇ: ಈ ನಳಿಗೆ ಒಡೆದು ಯಾರ ಕೈಯನ್ನಾದರೂ ಹಾರಿಸೀತೇ?

ಪರೀಕ್ಷೆಯ ಮನೆ

ಮದ್ದು ತುಂಬಿ ಹೊಡೆಯುವ ಆಯುಧ ಬಂದ ದಿನದಿಂದಲೂ ನಳಿಗೆ ಸಿಡಿಯುವ ಭಯ ಇದ್ದೇ ಇತ್ತು. ಕಬ್ಬಿಣದ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಗುಂಡು ಮುಂದೆ ಹೋಗುವ ಬದಲು ನಳಿಗೆಯೇ ಹರಿದು ಹೊಡೆದವನ ಎಡಗೈ ಹೋಗುತ್ತಿತ್ತು. ಕಳಪೆ ಮಾಲು ಮಾರುವವರನ್ನು ತಡೆಯಲು ಇಂಗ್ಲೆಂಡಿನ ಒಂದನೇ ಚಾರ್ಲ್ಸ್ ದೊರೆ 1637ರಲ್ಲಿ ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ಸನ್ನದು ನೀಡಿ, ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರ ಕೊಟ್ಟ. ಕೋವಿ ತಯಾರಿಕೆಯ ಇನ್ನೊಂದು ದೊಡ್ಡ ಕೇಂದ್ರವಾದ ಬರ್ಮಿಂಗ್‌ಹ್ಯಾಮಿನಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ 1813ರಲ್ಲಿ ಪ್ರತ್ಯೇಕ ಪರೀಕ್ಷಾಲಯ ಸ್ಥಾಪನೆಯಾಯಿತು. ಪ್ರೂಫ್ ಹೌಸ್ ಎಂಬ ಹೆಸರಿನ ಆ ಕಟ್ಟಡ ಆ ಊರಿನಲ್ಲಿ ಇಂದಿಗೂ ನಿಂತಿದೆ.

ಪರೀಕ್ಷೆಯ ಕ್ರಮ ಸರಳ. ಸಾಮಾನ್ಯ ಬಳಕೆಗಿಂತ ಗಣನೀಯವಾಗಿ ಹೆಚ್ಚು ಮದ್ದನ್ನು ನಳಿಗೆಗೆ ತುಂಬುತ್ತಾರೆ. ದಪ್ಪ ಗೋಡೆಯ ಕೋಣೆಯಲ್ಲಿಟ್ಟು, ಬಾಗಿಲು ಹಾಕಿ, ಹೊರಗಿನಿಂದ ಸಿಡಿಸುತ್ತಾರೆ. ನಳಿಗೆ ಒಡೆದರೆ ಗುಜರಿಗೆ. ಉಬ್ಬದೆ, ಬಿರುಕು ಬಿಡದೆ ಉಳಿದರೆ ಪರಿಶೀಲಕ ಒಳಹೊರಗು ನೋಡಿ ಮುದ್ರೆ ಒತ್ತುತ್ತಾನೆ. ಲಂಡನ್ನಿನ ಮುದ್ರೆಯಲ್ಲಿ ಕಿರೀಟದ ಕೆಳಗೆ ಹೆಣೆದುಕೊಂಡ ‘ಜಿ’ ಮತ್ತು ‘ಪಿ’ ಅಕ್ಷರಗಳಿದ್ದರೆ ಅದು ಸಿಡಿಸಿ ನೋಡಿದ ಪರೀಕ್ಷೆಯದು. ಕಿರೀಟದ ಕೆಳಗೆ ‘ವಿ’ ಇದ್ದರೆ ಕಣ್ಣಿನಿಂದ ಪರಿಶೀಲಿಸಿದ್ದರ ಗುರುತು. ಬರ್ಮಿಂಗ್‌ಹ್ಯಾಮಿನವರು ಕತ್ತರಿಯಂತೆ ಅಡ್ಡಹಾಯ್ದ ಎರಡು ರಾಜದಂಡಗಳು, ಮೇಲೊಂದು ಕಿರೀಟ, ನಡುವೆ ‘ಬಿ.ಪಿ.ಸಿ.’ ಅಥವಾ ‘ವಿ’ ಅಕ್ಷರ, ಹೀಗೆ ಬೇರೆಯೇ ರೂಪ ಆರಿಸಿಕೊಂಡರು.

ಇಷ್ಟರಿಂದಲೇ ಮೊದಲ ಉತ್ತರ ಸಿಕ್ಕಿತು. ರಾಜದಂಡಗಳ ಈ ಮುದ್ರೆಯಿರುವ ನಳಿಗೆ ಬರ್ಮಿಂಗ್‌ಹ್ಯಾಮಿನಲ್ಲಿ, 1813 ಮತ್ತು 1904ರ ನಡುವೆ ಪರೀಕ್ಷೆಗೊಳಗಾದದ್ದು. ಏಕೆಂದರೆ 1904ರಲ್ಲಿ ಅವರು ಮುದ್ರೆಯನ್ನೇ ಬದಲಿಸಿ, ಕಿರೀಟದ ಕೆಳಗೆ ‘ಬಿ.ಪಿ.’, ‘ಬಿ.ವಿ.’, ‘ಎನ್.ಪಿ.’ ಎಂಬ ಜೋಡಿ ಅಕ್ಷರಗಳನ್ನು ತಂದರು. ಆದರೆ 90 ವರ್ಷಗಳ ಅಂತರ ತೀರ ದೊಡ್ಡದಾಯಿತಲ್ಲ? ಅದನ್ನು ಕಿರಿದಾಗಿಸಲು ಉಳಿದ ಗುರುತುಗಳ ಮೊರೆ ಹೋಗಬೇಕು.

ಹನ್ನೆರಡು ಎಂದರೇನು?

ನಮ್ಮಲ್ಲಿ ಹಳ್ಳಿಯವರೂ ‘ಟ್ವೆಲ್ವ್ ಬೋರ್’ ಎಂಬ ಮಾತು ಆಡುತ್ತಾರೆ. ಈ ಹನ್ನೆರಡು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಗುಂಡು ಎರಕ ಹೊಯ್ದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಹಿಡಿಸುವಷ್ಟು ಅಗಲದ ನಳಿಗೆಯೇ ಟ್ವೆಲ್ವ್ ಬೋರ್. ಇಂದಿನ ಲೆಕ್ಕದಲ್ಲಿ 0.729 ಇಂಚು, ಅಂದರೆ ಸುಮಾರು 18.5 ಮಿಲಿಮೀಟರ್. ಹಾಗಾಗಿಯೇ ಹದಿನಾರು ಬೋರಿನ ಕೋವಿ ಹನ್ನೆರಡಕ್ಕಿಂತ ಸಣ್ಣದು. ಗುಂಡಿನ ಸಂಖ್ಯೆ ಹೆಚ್ಚಿದಷ್ಟೂ ಗುಂಡು ಚಿಕ್ಕದಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ, 1855 ಮತ್ತು 1868ರ ಬ್ರಿಟಿಷ್ ಕಾಯ್ದೆಗಳು ನಳಿಗೆಯ ಪರೀಕ್ಷೆಯನ್ನು ಬಿಗಿಗೊಳಿಸಿದವು. ಮುದ್ರೆಗಳ ಪಕ್ಕದಲ್ಲಿ ಬೋರಿನ ಅಂಕಿಯನ್ನು ಕೊರೆಯುವ ಪದ್ಧತಿ ನೆಲೆಯೂರಿದ್ದು ಈ ಕಾಲದಲ್ಲಿ. ಇಲ್ಲೊಂದು ಸೋಜಿಗವಿದೆ. ಎಲ್ಲರೂ ಹನ್ನೆರಡು ಬೋರಿನದೆಂದು ತಿಳಿದ, ಹನ್ನೆರಡು ಬೋರಿನ ತೋಟಾವನ್ನೇ ತುಂಬುವ ಕೋವಿಯ ಅಡಿಯಲ್ಲಿ ‘13’ ಎಂದು ಬರೆದಿರುತ್ತದೆ. ಇದು ತಪ್ಪೂ ಅಲ್ಲ, ಮೋಸವೂ ಅಲ್ಲ. ಪರಿಶೀಲಕ ಅಳೆದದ್ದು ತೋಟಾ ಕೂರುವ ಬುಡವನ್ನಲ್ಲ, ಅದರಿಂದ ಮುಂದಿನ ನಳಿಗೆಯ ಒಳ ಅಗಲವನ್ನು. ಅದು 0.729 ಇಂಚಿಗೆ ಒಂದು ಕೂದಲಷ್ಟು ಕಡಿಮೆಯಿದ್ದರೂ ನಿಯಮದ ಪ್ರಕಾರ ಹದಿಮೂರರ ಲೆಕ್ಕಕ್ಕೆ ಸೇರುತ್ತಿತ್ತು. 1887ರ ನಂತರ ಈ ಗೊಂದಲ ನಿವಾರಿಸಲು ‘13/1’, ‘12/1’ ಎಂಬ ನಡುವಿನ ಅಳತೆಗಳು ಬಂದವು. ತೋಟಾ ಕೂರುವ ಬುಡದ ಅಳತೆಯನ್ನು ಪ್ರತ್ಯೇಕವಾಗಿ, ವಜ್ರಾಕೃತಿಯ ಚೌಕದೊಳಗೆ ‘12’ ಮತ್ತು ಅದರ ಕೆಳಗೆ ‘ಸಿ’ ಅಕ್ಷರವಾಗಿ ಕೊರೆಯತೊಡಗಿದರು. ಆದ್ದರಿಂದ ವಜ್ರದ ಗುರುತು ಕಂಡರೆ 1887ಕ್ಕಿಂತ ಈಚಿನ ಪರೀಕ್ಷೆ ಎಂದು ಧೈರ್ಯವಾಗಿ ಹೇಳಬಹುದು.

ಕಾಯ್ದೆಯ ಪದರಗಳು

ಭೂವಿಜ್ಞಾನಿಗಳು ಮಣ್ಣಿನ ಪದರಗಳನ್ನು ನೋಡಿ ಕಾಲ ಹೇಳುತ್ತಾರೆ. ನಳಿಗೆಯ ಮೇಲೂ ಹಾಗೆಯೇ ಕಾಯ್ದೆಯ ಪದರಗಳಿವೆ. ತಂತ್ರಜ್ಞಾನದಲ್ಲಿ ಹೊಸದೊಂದು ಬಂದಾಗಲೆಲ್ಲ ಹೊಸ ಅಪಾಯ ಹುಟ್ಟಿತು. ಅಪಾಯ ಹುಟ್ಟಿದಾಗಲೆಲ್ಲ ನಿಯಮ ಬದಲಾಯಿತು. ನಿಯಮ ಬದಲಾದಾಗಲೆಲ್ಲ ಮುದ್ರೆ ಬದಲಾಯಿತು.

1870ರ ದಶಕದಲ್ಲಿ ‘ಚೋಕ್’ ಎಂಬ ಉಪಾಯ ಜನಪ್ರಿಯವಾಯಿತು. ನಳಿಗೆಯ ಮೂತಿಯ ಬಳಿ ತುಸು ಕಿರಿದಾಗಿಸಿದರೆ ಚರೆಗಳು ಚೆದುರದೆ ದೂರ ಹೋಗುತ್ತವೆ. ಆದರೆ ಅಂತಹ ನಳಿಗೆಗೆ ಅಭ್ಯಾಸಬಲದಿಂದ ಒಂಟಿ ಗುಂಡು ತುಂಬಿ ಹೊಡೆದರೆ ಅದು ಕಿರಿದಾದ ಮೂತಿಯಲ್ಲಿ ಸಿಕ್ಕಿಕೊಳ್ಳುವ ಭಯ. ಹಾಗಾಗಿ 1875ರಿಂದ ‘ನಾಟ್ ಫಾರ್ ಬಾಲ್’, ಅಂದರೆ ಒಂಟಿ ಗುಂಡಿಗಲ್ಲ, ಎಂಬ ಎಚ್ಚರಿಕೆಯನ್ನು ಕೊರೆಯಲಾಯಿತು. 1887ರಲ್ಲಿ ಇದನ್ನು ಕೈಬಿಟ್ಟು ‘ಚೋಕ್’ ಎಂಬ ಒಂದೇ ಪದ ಬಳಕೆಗೆ ಬಂತು. ಹೀಗಾಗಿ ‘ನಾಟ್ ಫಾರ್ ಬಾಲ್’ ಎಂಬ ಬರಹವಿರುವ ನಳಿಗೆ ಹನ್ನೆರಡೇ ವರ್ಷಗಳ ಕಿಟಕಿಯೊಳಗೆ ಬರುತ್ತದೆ. ಹಳೆಯ ಕೋವಿಗಳ ಲೋಕದಲ್ಲಿ ಇದಕ್ಕಿಂತ ಖಚಿತವಾದ ಸುಳಿವು ಅಪರೂಪ.

ಮುಂದಿನ ದೊಡ್ಡ ಬದಲಾವಣೆ ಹೊಗೆಯಿಲ್ಲದ ಮದ್ದಿನದು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಕರಿಮದ್ದು ಉಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇಲ್ಲಿ ಉಪ್ಪೆಂದರೆ ಪೆಟ್ಲುಪ್ಪು. ಹೊಸ ಮದ್ದು ನೈಟ್ರೋ ಸೆಲ್ಯುಲೋಸ್‌ನಿಂದ ತಯಾರಾದದ್ದು. ಅದರ ಒತ್ತಡದ ರೀತಿಯೇ ಬೇರೆ. ಕರಿಮದ್ದಿನಲ್ಲಿ ಪರೀಕ್ಷೆಯಾದ ನಳಿಗೆ ಇದನ್ನು ತಾಳೀತೆಂಬ ಭರವಸೆಯಿಲ್ಲ. ಆದ್ದರಿಂದ 1896ರ ನಿಯಮಗಳಲ್ಲಿ ‘ನೈಟ್ರೋ ಪ್ರೂಫ್’ ಎಂಬ ಪೂರ್ಣ ಪದಗಳ ಮುದ್ರೆ ಬಂತು. 1904ರಲ್ಲಿ ಅದು ‘ಎನ್.ಪಿ.’ ಎಂದು ಸಂಕ್ಷಿಪ್ತವಾಯಿತು. ಲಂಡನ್ನಿನವರು ಈ ಅಕ್ಷರಗಳ ಮೇಲೆ ಖಡ್ಗ ಹಿಡಿದ ತೋಳನ್ನೂ ಬರ್ಮಿಂಗ್‌ಹ್ಯಾಮಿನವರು ಕಿರೀಟವನ್ನೂ ಇಟ್ಟರು. 1925ರ ನಿಯಮಗಳ ನಂತರ ತೋಟಾ ಕೂರುವ ಬುಡದ ಉದ್ದ ಇಂಚಿನ ಲೆಕ್ಕದಲ್ಲಿ ಕಾಣಿಸುತ್ತದೆ. 1954ರ ನಿಯಮಗಳಲ್ಲಿ ಬೋರಿನ ಅಗಲ ‘.729’ ಎಂಬಂತೆ ದಶಮಾಂಶದಲ್ಲೂ, ತಾಳುವ ಒತ್ತಡ ಚದರ ಇಂಚಿಗೆ ಇಷ್ಟು ‘ಟನ್’ ಎಂಬ ಲೆಕ್ಕದಲ್ಲೂ ಬಂತು. ‘3 ಟನ್ಸ್’ ಎಂಬ ಬರಹ ಕಂಡರೆ ಆ ಮುದ್ರೆ ವಿಕ್ಟೋರಿಯಾ ರಾಣಿಯ ಕಾಲದ್ದಲ್ಲ, ಭಾರತ ಸ್ವತಂತ್ರವಾದ ನಂತರದ್ದು.

ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ 1921ರಿಂದ ಇನ್ನೊಂದು ಪುಟ್ಟ ಗುರುತನ್ನೂ ಸೇರಿಸಿತು. ಅಡ್ಡಹಾಯ್ದ ಗೆರೆಗಳ ಸಂದುಗಳಲ್ಲಿ ವರ್ಷಕ್ಕೊಂದರಂತೆ ಅಕ್ಷರ. ‘ಎ’ ಎಂದರೆ 1921, ಮುಂದಿನ ವರ್ಷ ಮುಂದಿನ ಅಕ್ಷರ. ಪರೀಕ್ಷೆ ನಡೆದ ವರ್ಷವನ್ನೇ ನೇರವಾಗಿ ಹೇಳುವ ಇಂತಹ ಗುರುತು ಸಿಕ್ಕಿದರೆ ಶೋಧ ಬಹುಮಟ್ಟಿಗೆ ಮುಗಿದಂತೆಯೇ.

ಒಂದು ನಳಿಗೆಯನ್ನು ಓದಿದಾಗ

ಉದಾಹರಣೆಗೆ ಒಂದು ಜೋಡುನಳಿಗೆಯ ಕೋವಿಯನ್ನು ಕಲ್ಪಿಸಿಕೊಳ್ಳೋಣ. ಮನೆಯವರ ಪ್ರಕಾರ ಅದು 1857ರ ದಂಗೆಯಲ್ಲಿ ಸಿಪಾಯಿಗಳನ್ನೆದುರಿಸಿದ ಅಧಿಕಾರಿಯದು. ನಳಿಗೆಯನ್ನು ಬಿಚ್ಚಿ ತಿರುಗಿಸಿದರೆ ಕಿರೀಟ ಹೊತ್ತ ರಾಜದಂಡಗಳು, ‘13’ ಎಂಬ ಅಂಕಿ, ‘ನಾಟ್ ಫಾರ್ ಬಾಲ್’ ಎಂಬ ಬರಹ, ತುಸು ದೂರದಲ್ಲಿ ಕಿರೀಟದ ಕೆಳಗೆ ‘ಎನ್.ಪಿ.’ ಇವೆ. ಸಿಡಿಸುವ ಯಂತ್ರಭಾಗದ ಮೇಲೆ ‘ಆನ್ಸನ್ ಅಂಡ್ ಡೀಲಿ ಪೇಟೆಂಟ್’ ಎಂದಿದೆ.

ಮೊದಲು ರಾಜದಂಡಗಳು: ಬರ್ಮಿಂಗ್‌ಹ್ಯಾಮ್, 1904ಕ್ಕಿಂತ ಹಿಂದೆ. ಒಂಟಿ ಗುಂಡಿನ ಎಚ್ಚರಿಕೆ: 1875ರಿಂದ 1887ರ ನಡುವೆ. ಆನ್ಸನ್ ಮತ್ತು ಡೀಲಿ ಎಂಬಿಬ್ಬರು ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯಲ್ಲಿದ್ದಾಗ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1875ರಲ್ಲಿ. ಅದೂ ಹೊಂದುತ್ತದೆ. ಹಾಗಾದರೆ 1904ರ ನಂತರದ ‘ಎನ್.ಪಿ.’ ಮುದ್ರೆ ಹೇಗೆ ಬಂತು? ಯಾರೋ ಒಬ್ಬ ಮಾಲಿಕ ಹೊಸ ಮದ್ದಿನ ತೋಟಾ ಬಳಸಲು ಬಯಸಿ ಹಳೆಯ ಕೋವಿಯನ್ನು ಮತ್ತೆ ಪರೀಕ್ಷಾಲಯಕ್ಕೆ ಕಳುಹಿಸಿದ್ದಾನೆ. ಅದು ಎರಡನೆಯ ಬಾರಿಯೂ ಗೆದ್ದು ಬಂದಿದೆ.

ಇಲ್ಲಿ ಎರಡು ಸೂತ್ರಗಳು ಸಿಗುತ್ತವೆ. ಒಂದೇ ನಳಿಗೆಯಲ್ಲಿ ಬೇರೆ ಬೇರೆ ಕಾಲದ ಮುದ್ರೆಗಳಿದ್ದರೆ ಹುಟ್ಟಿದ ಕಾಲ ಹೇಳುವುದು ಅತ್ಯಂತ ಹಳೆಯ ಮುದ್ರೆ. ಈಚಿನ ಮುದ್ರೆ ಹೇಳುವುದು ಅದರ ನಂತರದ ಬಾಳನ್ನು. ಎರಡನೆಯದಾಗಿ, ಮುದ್ರೆ ಸಾಮಾನ್ಯವಾಗಿ ಇಸವಿಯನ್ನು ಹೇಳುವುದಿಲ್ಲ, ‘ಇದಕ್ಕಿಂತ ಹಿಂದಲ್ಲ, ಇದಕ್ಕಿಂತ ಮುಂದಲ್ಲ’ ಎಂಬ ಎಲ್ಲೆಯನ್ನು ಹೇಳುತ್ತದೆ. ದಂಗೆಯ ಕತೆ ಬಿದ್ದುಹೋಯಿತು, ನಿಜ. ಆದರೆ ಅದರ ಜಾಗದಲ್ಲಿ ಎರಡು ಬಾರಿ ಬೆಂಕಿ ಹಾಯ್ದು ಬಂದ ಕೋವಿಯ ನಿಜವಾದ ಕತೆಯೊಂದು ದೊರಕಿತು.

ಎಲ್ಲ ಕೋವಿಗಳೂ ಇಂಗ್ಲೆಂಡಿನವಲ್ಲ. ಬೆಲ್ಜಿಯಂನ ಲಿಯೇಜ್ ನಗರ ಬೆಸುಗೆಯ ನಳಿಗೆಗಳ ತವರು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸುತ್ತಿ, ಬಡಿದು ಮಾಡಿದ ಡಮಾಸ್ಕಸ್ ನಳಿಗೆಗಳ ಮೇಲೆ ನೀರಿನ ಅಲೆಯಂತಹ ವಿನ್ಯಾಸ ಕಾಣುತ್ತದೆ. ಅಲ್ಲಿನ ಪರೀಕ್ಷಾಲಯದ ಗುರುತು ಮೊಟ್ಟೆಯಾಕಾರದೊಳಗೆ ‘ಇ.ಎಲ್.ಜಿ.’ ಅಕ್ಷರಗಳು. 1893ರಿಂದ ಅದರ ಮೇಲೊಂದು ಕಿರೀಟ ಸೇರಿತು. ಹಾಗಾಗಿ ಕಿರೀಟ ಇದೆಯೇ ಇಲ್ಲವೇ ಎಂಬುದೇ ಮುಖ್ಯ ಪ್ರಶ್ನೆ. 1922ರಿಂದ ಅಲ್ಲಿಯೂ ವರ್ಷಕ್ಕೊಂದು ಅಕ್ಷರದ ಪದ್ಧತಿ ಬಂತು. ಜರ್ಮನಿಯ ಸೂಲ್ ನಗರದಲ್ಲಿ ಎರಡು ಮಹಾಯುದ್ಧಗಳ ನಡುವೆ ತಯಾರಾದ ಎಷ್ಟೋ ಕೋವಿಗಳ ಮೇಲೆ ತಿಂಗಳು ಮತ್ತು ವರ್ಷವನ್ನೇ ಅಂಕಿಯಲ್ಲಿ ಕೊರೆದಿರುತ್ತಾರೆ. ‘6.28’ ಎಂದರೆ 1928ರ ಜೂನ್. ಅದನ್ನು ಬೋರಿನ ಅಳತೆಯೆಂದು ತಿಳಿದು ತಲೆ ಕೆರೆದುಕೊಂಡವರಿದ್ದಾರೆ.

ಹೆಸರಿನ ಮೋಸ

ಇನ್ನು ಮೇಲಿನ ಹೆಸರಿನ ವಿಷಯ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಬಳ್ಳಿಯಕ್ಷರಗಳಲ್ಲಿ ಬರೆದದ್ದು ತಯಾರಕನ ಹೆಸರೇ ಆಗಿರಬೇಕೆಂದಿಲ್ಲ. ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡಾ ಕಂಪನಿಯ ಹೆಸರಿರುವ ಬಹುಪಾಲು ಕೋವಿಗಳು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಕುಲುಮೆಗಳಲ್ಲಿ. ಕಲ್ಕತ್ತೆಯದು ಅಂಗಡಿ. ಅಂಗಡಿಯವನ ಹೆಸರನ್ನು ಮೊದಲೇ ಕೊರೆದು ಕಳುಹಿಸುವುದು ಅಂದಿನ ವ್ಯಾಪಾರದ ರೂಢಿ. ಇದರಲ್ಲಿ ಮೋಸವೇನಿಲ್ಲ.

ಮೋಸ ಇರುವ ಕಡೆಗಳೂ ಇವೆ. ವೆಸ್ಟ್ಲಿ ರಿಚರ್ಡ್ಸ್ ಎಂಬ ಪ್ರಖ್ಯಾತ ಹೆಸರನ್ನು ನೆನಪಿಸುವಂತೆ ‘ಡಬ್ಲ್ಯು. ರಿಚರ್ಡ್ಸ್’ ಎಂದು ಕೊರೆದ ಅಗ್ಗದ ಬೆಲ್ಜಿಯನ್ ಕೋವಿಗಳು ದೂರದೇಶದ ಮಾರುಕಟ್ಟೆಗಳಲ್ಲಿ ಧಾರಾಳವಾಗಿ ಬಿಕರಿಯಾದವು. ಕೊಂಡವನು ಮೇಲಿನ ಹೆಸರು ನೋಡಿದ. ಅಡಿಯಲ್ಲಿದ್ದ ಲಿಯೇಜಿನ ಮೊಟ್ಟೆಯಾಕಾರದ ಮುದ್ರೆಯನ್ನು ನೋಡಲಿಲ್ಲ.

ಹೆಸರಿಗಿಂತ ಅದರ ಜೊತೆಗಿರುವ ವಿಳಾಸ ಹೆಚ್ಚು ಉಪಕಾರಿ. ಅಂಗಡಿಗಳು ಬೀದಿ ಬದಲಿಸುತ್ತವೆ. ಲಂಡನ್ನಿನ ಪರ್ಡಿ ಕಂಪನಿ 1826ರಿಂದ ಆಕ್ಸ್‌ಫರ್ಡ್ ಬೀದಿಯಲ್ಲಿತ್ತು. 1882ರಲ್ಲಿ ಸೌತ್ ಆಡ್ಲಿ ಬೀದಿಗೆ ಹೋಯಿತು. ಪರ್ಡಿ ಕೋವಿಯ ಮೇಲೆ ಆಕ್ಸ್‌ಫರ್ಡ್ ಬೀದಿಯ ವಿಳಾಸವಿದ್ದರೆ ಅದರ ಕಾಲದ ಒಂದು ಅಂಚು ಅಲ್ಲಿಗೆ ಸಿಕ್ಕಿತು.

ಸಂಖ್ಯೆ ಮತ್ತು ಲೆಕ್ಕದ ಪುಸ್ತಕ

ಕ್ರಮಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬುದು ಅನೇಕರಿಗೆ ನಿರಾಸೆ ತರುವ ಸಂಗತಿ. 12,450 ಎಂಬ ಸಂಖ್ಯೆ ಒಂದು ಕಂಪನಿಯಲ್ಲಿ ಒಂದು ಇಸವಿ, ಇನ್ನೊಂದರಲ್ಲಿ ಮತ್ತೊಂದು ಇಸವಿ. ಎಲ್ಲರಿಗೂ ಅನ್ವಯಿಸುವ ಪಟ್ಟಿಯೆಂಬುದಿಲ್ಲ. ಕೆಲವರು ಒಂದರಿಂದ ಎಣಿಕೆ ಆರಂಭಿಸಿದರೆ, ಕೆಲವರು ಹಳೆಯ ಸಂಸ್ಥೆಯೆಂದು ತೋರಿಸಿಕೊಳ್ಳಲು ದೊಡ್ಡ ಸಂಖ್ಯೆಯಿಂದಲೇ ಶುರುಮಾಡಿದರು. ಅಮೆರಿಕದಲ್ಲಿ 1968ರ ಆಯುಧ ನಿಯಂತ್ರಣ ಕಾಯ್ದೆ ಬರುವವರೆಗೆ ಅಗ್ಗದ ಬೇಟೆಕೋವಿಗಳಿಗೆ ಸಂಖ್ಯೆಯೇ ಇಲ್ಲದಿರುವುದೂ ಸಾಮಾನ್ಯವಾಗಿತ್ತು.

ಸಂಖ್ಯೆಗೆ ಬಾಯಿ ಬರುವುದು ಕಂಪನಿಯ ಲೆಕ್ಕದ ಪುಸ್ತಕ ಉಳಿದಿದ್ದರೆ ಮಾತ್ರ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್‌ನಂತಹ ಸಂಸ್ಥೆಗಳು ಇಂತಹ ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿವೆ. ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳು ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ. ಪುಸ್ತಕ ಸಿಕ್ಕಿದರೆ ತಯಾರಾದ ಕಾಲದ ಜೊತೆಗೆ ನಳಿಗೆಯ ಉದ್ದ, ಕೊಂಡವನ ಹೆಸರು ಮುಂತಾದ ವಿವರಗಳೂ ತಿಳಿದಾವು. ಸಂಖ್ಯೆಯನ್ನು ನಳಿಗೆ, ಮುಂಗೈ ಹಿಡಿಕೆ, ಯಂತ್ರಭಾಗ ಮೂರರಲ್ಲೂ ನೋಡಬೇಕು. ಮೂರೂ ಒಂದೇ ಆಗಿದ್ದರೆ ಕೋವಿ ಹುಟ್ಟಿದಂತೆಯೇ ಉಳಿದಿದೆ. ಬೇರೆಯಾಗಿದ್ದರೆ ಯಾವುದೋ ಕಾಲದಲ್ಲಿ ಬೇರೆ ಕೋವಿಯ ನಳಿಗೆಯನ್ನು ತಂದು ಜೋಡಿಸಿದ್ದಾರೆ.

ದಾಖಲೆಯ ಜೊತೆಗೂಡಿದ ಸಂಖ್ಯೆಗೆ ಎಂತಹ ಶಕ್ತಿಯಿದೆ ಎಂಬುದಕ್ಕೆ ನಮ್ಮ ಸ್ವಾತಂತ್ರ್ಯ ಹೋರಾಟದಲ್ಲೇ ಒಂದು ನಿದರ್ಶನವಿದೆ. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ರೊಡ್ಡಾ ಕಂಪನಿಗೆ ಬಂದ ಸರಕಿನಲ್ಲಿ 50 ಮೌಸರ್ ಪಿಸ್ತೂಲುಗಳು ಮತ್ತು 46,000 ತೋಟಾಗಳನ್ನು ಬಂಗಾಳದ ಕ್ರಾಂತಿಕಾರಿಗಳು ಹಗಲಿನಲ್ಲೇ ಎತ್ತಿನ ಗಾಡಿಯಲ್ಲಿ ಸಾಗಿಸಿಬಿಟ್ಟರು. ಪ್ರತಿ ಪಿಸ್ತೂಲಿಗೂ ಸಂಖ್ಯೆಯಿತ್ತು. ಆ ಸಂಖ್ಯೆಗಳು ಕಂಪನಿಯ ಪುಸ್ತಕದಲ್ಲಿದ್ದವು. ಮುಂದಿನ ವರ್ಷಗಳಲ್ಲಿ ಒಂದೊಂದು ಪಿಸ್ತೂಲು ಸಿಕ್ಕಿದಾಗಲೂ ಪೊಲೀಸರು ಅದನ್ನು ಆ ಪುಸ್ತಕದೊಂದಿಗೆ ತಾಳೆ ನೋಡಿದರು. ಅವುಗಳಲ್ಲಿ 44 ಪಿಸ್ತೂಲುಗಳು ಒಂಬತ್ತು ಗುಂಪುಗಳಿಗೆ ಹಂಚಿಕೆಯಾಗಿದ್ದವೆಂದು 1918ರ ರೌಲಟ್ ಸಮಿತಿಯ ವರದಿ ಹೇಳಿತು. ಪುಸ್ತಕ ಇಲ್ಲದಿದ್ದರೆ ಅವು ಬರಿಯ ಅಂಕಿಗಳಾಗಿ ಉಳಿಯುತ್ತಿದ್ದವು.

ಶ್ರೀರಂಗಪಟ್ಟಣದ ಗುರುತು

ಇಸವಿಯನ್ನೇ ಬರೆದಿದ್ದರೂ ಎಡವುವ ಸಾಧ್ಯತೆಯಿದೆ ಎಂಬುದಕ್ಕೆ ನಮ್ಮ ನೆಲದ ಉದಾಹರಣೆಯೊಂದನ್ನು ನೋಡಬಹುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಕೋವಿಗಳ ಮೇಲೆ ಹುಲಿಪಟ್ಟೆಯ ವಿನ್ಯಾಸವಿರುತ್ತದೆ, ಹಲವುಗಳ ಮೇಲೆ ತಯಾರಾದ ಊರು ಮತ್ತು ವರ್ಷವೂ ಇರುತ್ತವೆ. ಆದರೆ ಆ ವರ್ಷ ಹಿಜರಿ ಶಕೆಯದಲ್ಲ. 1787ರಲ್ಲಿ ಟಿಪ್ಪು ಹಿಜರಿಯನ್ನು ಬಿಟ್ಟು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದ. ಆ ಕಾಲದ ಅವನ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುವುದೂ ಉಂಟು.

1221 ಎಂಬ ವರ್ಷವನ್ನು ಹಿಜರಿಯೆಂದು ಓದಿದರೆ ಕ್ರಿ.ಶ. 1806 ಬರುತ್ತದೆ. ಆದರೆ ಟಿಪ್ಪು ಮಡಿದದ್ದು 1799ರ ಮೇ 4ರಂದು. ಸತ್ತ ಏಳು ವರ್ಷದ ಮೇಲೆ ಅವನ ಕಾರ್ಖಾನೆ ಕೋವಿ ತಯಾರಿಸಿತೇ? ಅದನ್ನೇ ಮೌಲೂದಿಯೆಂದು ಓದಿದರೆ 1793–94 ಬರುತ್ತದೆ, ಎಲ್ಲವೂ ಸರಿಹೊಂದುತ್ತದೆ. ಬರಹ ಇದ್ದರೆ ಸಾಲದು, ಅದನ್ನು ಬರೆದವರ ಲೆಕ್ಕ ಗೊತ್ತಿರಬೇಕು.

ಕೊಡಗಿನ ಮನೆಗಳಲ್ಲಿ

ಹಳೆಯ ಕೋವಿಯ ಪ್ರಶ್ನೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ್ಲುವುದು ಕೊಡಗಿಗೆ. 1857ರ ನಂತರ ಬ್ರಿಟಿಷ್ ಸರ್ಕಾರ ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ, 1861ರಲ್ಲಿ ಮುಖ್ಯ ಆಯುಕ್ತ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ನೀಡಿದ. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಅಲ್ಲಿ ಕೋವಿ ಬೇಟೆಯ ಸಾಧನ ಮಾತ್ರವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆ. ಹಾಗೆ ತಲೆಮಾರುಗಳಿಂದ ಒಂದೇ ಮನೆಯಲ್ಲಿ ಉಳಿದ ಕೋವಿಗೆ ಕೊಂಡ ರಸೀದಿ ಇರುವುದಿಲ್ಲ, ಕೊಟ್ಟವನ ಪತ್ರ ಇರುವುದಿಲ್ಲ. ಅದರ ಹುಟ್ಟಿಗೆ ಉಳಿದಿರುವ ಏಕೈಕ ದಾಖಲೆ ನಳಿಗೆಯ ಅಡಿಯ ಮುದ್ರೆಗಳು. ಮಲೆನಾಡಿನ ಹಳೆಯ ಮನೆಗಳ ಕೋವಿಗಳ ಕತೆಯೂ ಇದೇ.

ಅಪಾಯ ಇನ್ನೂ ಮುಗಿದಿಲ್ಲ

ಈ ಓದು ಬರಿಯ ಕುತೂಹಲದ ವಿಷಯವಾಗಿದ್ದರೆ ಬಲ್ಲವರಿಗೇ ಬಿಟ್ಟುಬಿಡಬಹುದಿತ್ತು. ಆದರೆ ಮುದ್ರೆಗಳು ಹುಟ್ಟಿದ ಕಾರಣ ಇಂದಿಗೂ ಜೀವಂತವಾಗಿದೆ. ನೈಟ್ರೋ ಮುದ್ರೆಯಿಲ್ಲದ ಹಳೆಯ ನಳಿಗೆ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು. ಅದರಲ್ಲಿ ಇಂದಿನ ಅಂಗಡಿಯ ತೋಟಾ ಹಾಕಿ ಹೊಡೆಯುವುದು ಪ್ರಾಣದ ಜೊತೆ ಆಡಿದಂತೆ. ತೋಟಾದ ಉದ್ದದ್ದೂ ಒಂದು ತೊಡಕು. ಹಳೆಯ ಹನ್ನೆರಡು ಬೋರಿನ ಎಷ್ಟೋ ಕೋವಿಗಳ ಬುಡ ಎರಡೂವರೆ ಇಂಚಿನದು. ಎರಡೂಮುಕ್ಕಾಲು ಇಂಚಿನ ತೋಟಾವೂ ಅದರಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಹೊಡೆಯುವ ಮುನ್ನ ಅದರ ಬಾಯಿ ಮಡಚಿರುತ್ತದೆ. ಸಿಡಿದಾಗ ಬಾಯಿ ಬಿಚ್ಚಿ ಮುಂದಿನ ಕಿರಿದಾದ ಭಾಗಕ್ಕೆ ಚಾಚುತ್ತದೆ, ಒತ್ತಡ ಏರುತ್ತದೆ. ‘ಕೂತಿತು, ಆದ್ದರಿಂದ ಹೊಂದುತ್ತದೆ’ ಎಂಬ ತರ್ಕ ಇಲ್ಲಿ ನಡೆಯದು.

ನೈಟ್ರೋ ಮುದ್ರೆಯಿದ್ದರೂ ಅದು ಮುದ್ರೆಯೊತ್ತಿದ ದಿನದ ಮಾತು. ಆಮೇಲೆ ತುಕ್ಕು ಹಿಡಿದಿರಬಹುದು, ತುಕ್ಕು ತೆಗೆಯಲು ಒಳಗೆ ಉಜ್ಜಿ ಉಜ್ಜಿ ನಳಿಗೆ ತೆಳುವಾಗಿರಬಹುದು. ಆದ್ದರಿಂದ ಹಳೆಯ ಕೋವಿಯನ್ನು ಬಿಚ್ಚಿ ನೋಡುವ ಕೆಲಸವನ್ನು ಪರವಾನಗಿಯುಳ್ಳ, ಅನುಭವಸ್ಥ ಕೋವಿ ರಿಪೇರಿಯವರಿಂದಲೇ ಮಾಡಿಸಬೇಕು. ಒಳ ಅಗಲವನ್ನು ಅಳೆಸಿ ಮುದ್ರೆಯ ಅಂಕಿಯೊಂದಿಗೆ ಹೋಲಿಸಬೇಕು.

ಕಾನೂನಿನ ಮಾತೂ ಇದೆ. ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದು, ತಿದ್ದುವುದು, ಹೊಸದಾಗಿ ಸೃಷ್ಟಿಸುವುದು ಅಪರಾಧ. ಹಳೆಯದೆಂಬ ಒಂದೇ ಕಾರಣಕ್ಕೆ ಕೋವಿ ಕಾಯ್ದೆಯಿಂದ ಹೊರಗುಳಿಯುವುದಿಲ್ಲ. 45ನೇ ಕಲಮಿನ ವಿನಾಯಿತಿ ಇರುವುದು ಬಳಕೆ ತಪ್ಪಿದ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಆಯುಧ ರಿಪೇರಿ ಮಾಡಿದರೂ ಹೊಡೆಯಲು ಬಾರದಂತಿದ್ದರೆ ಮಾತ್ರ.

ಹಳೆಯ ಕೋವಿಯನ್ನು ಹೊಳಪಿಸುವ ಉತ್ಸಾಹದಲ್ಲಿ ಮರಳುಕಾಗದದಿಂದ ಉಜ್ಜಿ ನಳಿಗೆಯ ಅಡಿಯನ್ನು ಕನ್ನಡಿಯಂತೆ ಮಾಡಿದವರಿದ್ದಾರೆ. ಅವರು ಅಳಿಸಿದ್ದು ಕೊಳೆಯನ್ನಲ್ಲ. ಶತಮಾನದ ಹಿಂದೆ ಬರ್ಮಿಂಗ್‌ಹ್ಯಾಮಿನ ಕೋಣೆಯೊಂದರ ಹೊರಗೆ ನಿಂತು, ಸಿಡಿತದ ಸದ್ದು ಕೇಳಿ, ಒಳಗೆ ಬಂದು ನಳಿಗೆ ಉಳಿದಿದೆಯೇ ಎಂದು ನೋಡಿ ಮುದ್ರೆಯೊತ್ತಿದ ಹೆಸರಿಲ್ಲದ ಪರಿಶೀಲಕನ ಸಾಕ್ಷ್ಯವನ್ನು ಅಳಿಸಿದರು. ಮನೆಯ ಕತೆಯನ್ನು ಮಕ್ಕಳಿಗೆ ಹೇಳುವುದು ಒಳ್ಳೆಯದೇ. ಅದರ ಜೊತೆಗೆ ಒಮ್ಮೆ ನಳಿಗೆಯನ್ನು ತಿರುಗಿಸಿ ಆ ಮುದ್ರೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ತಲೆಮಾರಿಗೆ ಕತೆಯೂ ಉಳಿಯುತ್ತದೆ, ಇಸವಿಯೂ ಉಳಿಯುತ್ತದೆ.